ತಳ್ಳುವ ಕೈ, ತಳ್ಳಿಸುವ ಲೋಕ

ಮನುಷ್ಯನು ಕೇಡು ಮಾಡಿದಾಗ ಅದು ಅವನ ಸ್ವಭಾವದಿಂದಲೇ ಹೊರಟದ್ದೋ, ಅಥವಾ ಅವನನ್ನು ತಂದು ನಿಲ್ಲಿಸಿದ ಲೋಕದ ಏರ್ಪಾಟು ಅವನಿಂದ ಮಾಡಿಸಿದ್ದೋ ಎಂಬುದು ಧರ್ಮಚಿಂತನೆಯ ಅತ್ಯಂತ ಹಳೆಯ ಪ್ರಶ್ನೆಗಳಲ್ಲಿ ಒಂದು. ಶಾಸ್ತ್ರಕಾರರು ಅದನ್ನು ತರ್ಕದಿಂದ ವಿಚಾರಿಸಿದ್ದಾರೆ, ಭಕ್ತರು ದೈವದ ಮುಂದಿಟ್ಟು ಅತ್ತಿದ್ದಾರೆ, ನ್ಯಾಯಪೀಠದಲ್ಲಿ ಕುಳಿತವರು ದಿನವೂ ತಮ್ಮ ಮಟ್ಟಿಗೆ ಒಂದು ಉತ್ತರ ಕೊಟ್ಟು ಮುಂದಿನ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಆದರೆ ಅದನ್ನು ಪ್ರಯೋಗಕ್ಕೆ ಒಡ್ಡುವ ಅನುಕೂಲ ಯಾರಿಗೂ ಇರಲಿಲ್ಲ, ಏಕೆಂದರೆ ಇರುವ ಲೋಕ ಒಂದೇ. ಜನರನ್ನು ಹಾಗೆಯೇ ಉಳಿಸಿಕೊಂಡು, ಲೋಕದ ಒಂದೇ ಒಂದು ನಿಯಮವನ್ನು ಬದಲಿಸಿ, ಅದೇ ಜನ ಈಗ ಹೇಗೆ ನಡೆದುಕೊಳ್ಳುತ್ತಾರೆಂದು ನೋಡುವ ಶಕ್ತಿ ಮನುಷ್ಯನ ಕೈಯಲ್ಲಿಲ್ಲ. ವಿಡಿಯೋ ಗೇಮ್ ಕಟ್ಟುವವರ ಕೈಗೆ, ಬಹಳ ಚಿಕ್ಕ ಅಳತೆಯಲ್ಲಿ, ಅಂಥ ಶಕ್ತಿಯೊಂದು ಬಂದಿದೆ. ಅದು ಅತ್ಯಂತ ನಿಚ್ಚಳವಾಗಿ ಕಾಣುವುದು ಮುಗಿದು ಮಾರುಕಟ್ಟೆಗೆ ಬಂದ ಆಟದಲ್ಲಲ್ಲ, ಆಟ ಇನ್ನೂ ರೂಪ ತಳೆಯುತ್ತಿರುವ ಮೊದಲ ಹಂತದಲ್ಲಿ.

ಆ ಹಂತದಲ್ಲಿ ಸಿದ್ಧವಾಗುವುದನ್ನು ಕಸುಬಿನವರು ಪ್ರೋಟೋಟೈಪ್ ಎನ್ನುತ್ತಾರೆ. ಕನ್ನಡದಲ್ಲಿ ಮೊದಲ ಮಾದರಿ ಎನ್ನಬಹುದು. ಅದರಲ್ಲಿ ಚಂದದ ಚಿತ್ರಗಳಿರುವುದಿಲ್ಲ, ಸಂಗೀತವಿರುವುದಿಲ್ಲ, ಕಥೆಯೂ ಹೆಚ್ಚಾಗಿ ಇರುವುದಿಲ್ಲ. ಬೂದು ಬಣ್ಣದ ಪೆಟ್ಟಿಗೆಗಳೇ ಗೋಡೆ, ಬೆಟ್ಟ, ಮರಗಳ ಸ್ಥಾನದಲ್ಲಿ ನಿಂತಿರುತ್ತವೆ, ಆಡುವವನೂ ಪರದೆಯ ಮೇಲೆ ಒಂದು ಚೌಕ ಅಥವಾ ಉರುಟು ಆಕಾರವಾಗಿ ಮಾತ್ರ ಇರುತ್ತಾನೆ. ಕೆಲವೊಮ್ಮೆ ಕಂಪ್ಯೂಟರೂ ಇಲ್ಲದೆ ಕಾಗದ, ಕತ್ತರಿ, ಗುಂಡಿಗಳಿಂದಲೇ ಆಟವನ್ನು ಮೇಜಿನ ಮೇಲೆ ಹೂಡಿ ನೋಡುತ್ತಾರೆ. ಇಷ್ಟು ಬಡವಾದ ರೂಪದಲ್ಲಿ ಉಳಿಯುವುದು ನಿಯಮಗಳು ಮಾತ್ರ: ಏನನ್ನು ಮಾಡಬಹುದು, ಮಾಡಿದರೆ ಏನಾಗುತ್ತದೆ, ಏನಾದದ್ದು ಆಡುವವನಿಗೆ ಹೇಗೆ ತಿಳಿಯುತ್ತದೆ. ಈ ಮೂರನ್ನೂ ಆಡುವವನ ಕಡೆಯಿಂದ ನೋಡಿ ಹದಗೊಳಿಸುವ ಕೆಲಸವನ್ನು ಯೂಸರ್ ಎಕ್ಸ್‌ಪೀರಿಯೆನ್ಸ್ ಡಿಸೈನ್, ಅಂದರೆ ಬಳಸುವವರ ಅನುಭವದ ವಿನ್ಯಾಸ ಎಂದು ಕರೆಯುತ್ತಾರೆ. ಈ ಹೆಸರನ್ನು 1990ರ ದಶಕದ ಮೊದಲ ಭಾಗದಲ್ಲಿ ಆ್ಯಪಲ್ ಕಂಪನಿಯಲ್ಲಿದ್ದ ಡೊನಾಲ್ಡ್ ನಾರ್ಮನ್ ಬಳಕೆಗೆ ತಂದರು. ಅದಕ್ಕೂ ಮುಂಚೆ, 1988ರಲ್ಲಿ ಪ್ರಕಟವಾದ ದಿನಬಳಕೆಯ ವಸ್ತುಗಳ ಕುರಿತ ತಮ್ಮ ಪುಸ್ತಕದಲ್ಲಿ, ಎಳೆಯಬೇಕಾದ ಬಾಗಿಲನ್ನು ಜನ ಮತ್ತೆ ಮತ್ತೆ ತಳ್ಳುತ್ತಿದ್ದರೆ ಅದು ಜನರ ಪೆದ್ದುತನವಲ್ಲ, ತಳ್ಳು ಎಂದು ಹೇಳುವ ಹಾಗೆ ಹಿಡಿಯನ್ನು ಜೋಡಿಸಿದವನ ತಪ್ಪು ಎಂಬ ಮಾತನ್ನು ಅವರು ಸ್ಥಾಪಿಸಿದ್ದರು.

ನಾರ್ಮನ್ ಅವರ ಈ ಮಾತು ಪ್ರಮಾದದ ಕುರಿತದ್ದು, ಪಾಪದ ಕುರಿತದ್ದಲ್ಲ. ತಿಳಿಯದೆ ಆಗುವ ತಪ್ಪಿನ ಹೊಣೆ ವಸ್ತುವನ್ನು ಮಾಡಿದವನದು ಎಂದರೆ ಒಪ್ಪುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ತಿಳಿದೇ ಮಾಡಿದ ಕೇಡಿನ ಹೊಣೆಯೂ, ಭಾಗಶಃ ಆದರೂ, ಅವನದೇ ಎಂದರೆ ಹೆಚ್ಚಿನವರು ಹಿಂಜರಿಯುತ್ತಾರೆ. ಬಾಗಿಲಿನ ಹಿಡಿಯಿಂದ ಮನುಷ್ಯನ ನಡತೆಯವರೆಗೆ ಆ ಮಾತನ್ನು ಎಳೆದುಕೊಂಡು ಹೋಗಬಹುದೇ ಎಂಬುದೇ ಇಲ್ಲಿನ ವಿಚಾರ.

ಅದಕ್ಕೆ ಮೊದಲು ಅನುಭವ ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು. ನ್ಯಾಯಶಾಸ್ತ್ರದಲ್ಲಿ ಜ್ಞಾನವನ್ನು ಎರಡಾಗಿ ವಿಂಗಡಿಸುತ್ತಾರೆ: ಹಿಂದೆ ಕಂಡದ್ದರ ಸಂಸ್ಕಾರದಿಂದಷ್ಟೇ ಹುಟ್ಟುವುದು ಸ್ಮೃತಿ, ಅದಕ್ಕಿಂತ ಬೇರೆಯಾದದ್ದು ಅನುಭವ. 17ನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ವಿದ್ಯಾರ್ಥಿಗಳಿಗೆಲ್ಲ ಈ ವಿಂಗಡಣೆ ಪರಿಚಿತವಾದದ್ದೇ. ಆಟ ಕಟ್ಟುವವರ ಕಷ್ಟವನ್ನು ಇದಕ್ಕಿಂತ ಕರಾರುವಾಕ್ಕಾಗಿ ಹೇಳುವ ಪರಿಭಾಷೆ ಪಶ್ಚಿಮದ ವಿನ್ಯಾಸಗ್ರಂಥಗಳಲ್ಲೂ ಸಿಗುವುದು ಕಷ್ಟ. ಒಂದು ಆಟವನ್ನು ಸಾವಿರ ಸಲ ಆಡಿ ನೋಡಿದ ಅದರ ಕರ್ತೃವಿಗೆ ಆ ಆಟದ ಅನುಭವ ಇನ್ನು ಸಾಧ್ಯವಿಲ್ಲ, ಅವನಿಗೆ ಉಳಿದಿರುವುದು ಸ್ಮೃತಿ ಮಾತ್ರ; ಯಾವ ಗೋಡೆಯ ಹಿಂದೆ ದಾರಿಯಿದೆ ಎಂಬುದು ಅವನಿಗೆ ಕಾಣುವುದಲ್ಲ, ನೆನಪಾಗುವುದು. ಅನುಭವ ಇರುವುದು ಈಗಷ್ಟೇ ಬಂದು ಕುಳಿತ ಅಪರಿಚಿತನಲ್ಲಿ. ಆದಕಾರಣವೇ ಪ್ಲೇಟೆಸ್ಟ್ ಎಂಬ ಪದ್ಧತಿ ಬೆಳೆದಿದೆ: ಹೊಸಬನೊಬ್ಬನನ್ನು ಕರೆದು ಮೊದಲ ಮಾದರಿಯ ಮುಂದೆ ಕೂರಿಸುತ್ತಾರೆ, ಕಟ್ಟಿದವರು ಹಿಂದೆ ಕುಳಿತು ಬಾಯಿ ಬಿಗಿಹಿಡಿದು ನೋಡುತ್ತಾರೆ. ಅವನು ದಾರಿ ತಪ್ಪಿದಾಗ ಹೇಳಿಕೊಡುವಂತಿಲ್ಲ, ಬೇಸರಗೊಂಡಾಗ ಸಮಾಧಾನ ಹೇಳುವಂತಿಲ್ಲ. ತಾನು ಉದ್ದೇಶಿಸಿದ್ದು ಏನು ಎಂಬುದು ಅಲ್ಲಿ ಪ್ರಮಾಣವಲ್ಲ. ಎದುರಿನವನ ಬೆರಳು ಎಲ್ಲಿ ತಡವರಿಸಿತು ಎಂಬುದೇ ಪ್ರಮಾಣ. ಕರ್ತೃವು ತನ್ನ ಸೃಷ್ಟಿಯ ಮುಂದೆ ಹೀಗೆ ಮೌನವಾಗಿ ಕುಳಿತುಕೊಳ್ಳುವುದನ್ನು ಅಹಂಕಾರವನ್ನು ಕಳೆಯುವ ಒಂದು ಅಭ್ಯಾಸವೆಂದು ಕರೆದರೆ ಅದು ಉತ್ಪ್ರೇಕ್ಷೆಯಾಗದು.

ಈ ಅಭ್ಯಾಸದ ಅತ್ಯಂತ ಬೋಧಪ್ರದವಾದ ನಿದರ್ಶನ ಜರ್ನಿ ಎಂಬ ಆಟದ ತಯಾರಿಕೆಯಲ್ಲಿ ಸಿಗುತ್ತದೆ. ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದ ದಟ್‌ಗೇಮ್‌ಕಂಪನಿ ಎಂಬ ಸಣ್ಣ ತಂಡ ಅದನ್ನು ಸುಮಾರು 3 ವರ್ಷ ಕಟ್ಟಿ, 2012ರ ಮಾರ್ಚ್‌ನಲ್ಲಿ ಸೋನಿಯ ಪ್ಲೇಸ್ಟೇಷನ್ 3 ಯಂತ್ರಕ್ಕಾಗಿ ಬಿಡುಗಡೆ ಮಾಡಿತು. ತಂಡದ ನಾಯಕ, ಶಾಂಘೈನಲ್ಲಿ ಹುಟ್ಟಿ ಅಮೆರಿಕಕ್ಕೆ ಓದಲು ಹೋದ ಜೆನೋವಾ ಚೆನ್. ಮರಳುಗಾಡಿನಲ್ಲಿ ನಿಲುವಂಗಿ ತೊಟ್ಟ ಒಂದು ಒಂಟಿ ಆಕೃತಿ, ದೂರದಲ್ಲಿ ನೆತ್ತಿಯಿಂದ ಬೆಳಕು ಸೂಸುವ ಒಂದು ಬೆಟ್ಟ, ಆ ಬೆಟ್ಟದ ಕಡೆಗೆ ನಡಿಗೆ, ಆಟವೆಂದರೆ ಇಷ್ಟೇ. ನಡುವೆ ಎಲ್ಲೋ ಒಂದೆಡೆ, ಪ್ರಪಂಚದ ಇನ್ನಾವುದೋ ಮೂಲೆಯಲ್ಲಿ ಕುಳಿತು ಆಡುತ್ತಿರುವ ಇನ್ನೊಬ್ಬ ಯಾತ್ರಿಕ ಎದುರಾಗುತ್ತಾನೆ. ಅವನ ಹೆಸರು ತಿಳಿಯದು, ಅವನೊಡನೆ ಮಾತನಾಡಲು ಬರುವುದಿಲ್ಲ, ಅಕ್ಷರದಲ್ಲಿ ಬರೆದು ತಿಳಿಸುವ ದಾರಿಯೂ ಇಲ್ಲ; ಒಂದು ಗುಂಡಿ ಒತ್ತಿದರೆ ಹಕ್ಕಿಯ ಉಲಿಯಂಥ ಒಂದು ಸ್ವರ ಹೊರಡುತ್ತದೆ, ಅಷ್ಟೇ. ಚಂದ್ರನ ಮೇಲೆ ನಡೆದು ಬಂದವರಲ್ಲಿ ಆಧ್ಯಾತ್ಮಿಕವಾದ ಒಂದು ಮಾರ್ಪಾಟು ಕಂಡಿತೆಂಬ ವಿಷಯವನ್ನು ಗಗನಯಾನಿ ಚಾರ್ಲ್ಸ್ ಬೋಲ್ಡನ್ ಅವರೊಡನೆ ಮಾತನಾಡುವಾಗ ಕೇಳಿದ್ದು ತಮಗೆ ಪ್ರೇರಣೆಯಾಯಿತೆಂದು ಚೆನ್ ಹೇಳಿಕೊಂಡಿದ್ದಾರೆ. ವಿಶಾಲವಾದುದರ ಮುಂದೆ ತಾನು ಚಿಕ್ಕವನೆಂದು ಅನಿಸಿದಾಗ, ಪಕ್ಕದಲ್ಲಿ ಕಾಣುವ ಇನ್ನೊಬ್ಬ ಮನುಷ್ಯ ಆಯುಧ ಹಿಡಿದ ಎದುರಾಳಿಯಾಗಿ ಕಾಣದೆ ಜೊತೆಗಾರನಾಗಿ ಕಾಣಬೇಕೆಂಬುದು ಅವರ ಉದ್ದೇಶವಾಗಿತ್ತು.

ಉದ್ದೇಶ ಹೀಗಿದ್ದರೂ ಮೊದಲ ಮಾದರಿಗಳಲ್ಲಿ ನಡೆದದ್ದೇ ಬೇರೆ. ಒಂದು ಮಾದರಿಯಲ್ಲಿ ದೊಡ್ಡ ಪ್ರಾಣಿಯೊಂದನ್ನು ಜೊತೆಗಾರರಿಂದ ದೂರ ಸೆಳೆದುಕೊಂಡು ಹೋಗುವ ಕೆಲಸವಿಟ್ಟಿದ್ದರು. ಜನ ಒಬ್ಬರನ್ನೊಬ್ಬರು ಗಮನಿಸದೆ ತಮ್ಮ ತಮ್ಮ ಗುರಿಯ ಹಿಂದೆ ಹೋದದ್ದರಿಂದ ಅದನ್ನು ಕೈಬಿಡಬೇಕಾಯಿತು. ಇನ್ನೊಂದರಲ್ಲಿ ಒಬ್ಬರಿಗೊಬ್ಬರು ನೆರವಾಗಲಿ ಎಂಬ ಸದಾಶಯದಿಂದಲೇ ಆಕೃತಿಗಳಿಗೆ ಮೈಯ ಗಟ್ಟಿತನವನ್ನು ಕೊಟ್ಟಿದ್ದರು, ಅಂದರೆ ಒಂದು ಇನ್ನೊಂದಕ್ಕೆ ತಾಗಿದರೆ ಅದನ್ನು ನೂಕಬಹುದಾಗಿತ್ತು. ಜೊತೆಗಾರನನ್ನು ಎತ್ತರಕ್ಕೆ ಹತ್ತಿಸಲು, ಅಡ್ಡಿಯನ್ನು ಕೂಡಿ ಸರಿಸಲು ಇದು ಬೇಕೆಂದು ಭಾವಿಸಲಾಗಿತ್ತು. ಆಡಲು ಕುಳಿತವರು ಆ ಶಕ್ತಿಯನ್ನು ಬಳಸಿದ್ದು ಒಬ್ಬರನ್ನೊಬ್ಬರು ಹಳ್ಳಕ್ಕೆ ತಳ್ಳಲು. ಅವರು ದುಷ್ಟರಾಗಿರಲಿಲ್ಲ. ಅವರಲ್ಲಿ ಆಟದ ಆಶಯವನ್ನು ಬಲ್ಲ, ಅದನ್ನು ಮೆಚ್ಚಿಕೊಂಡ ತಂಡದ ಸದಸ್ಯರೂ ಇದ್ದರು. ಮನುಷ್ಯರನ್ನು ಹತ್ತಿರ ತರಬೇಕೆಂದು ಹೊರಟವರೇ ಪರದೆಯ ಮೇಲೆ ಇನ್ನೊಬ್ಬನನ್ನು ಕಂಡ ಕೂಡಲೇ ಅಂಚಿಗೆ ನೂಕಿ ಬೀಳಿಸುತ್ತಿದ್ದರು. ಮನುಷ್ಯಜಾತಿಯ ಬಗ್ಗೆಯೇ ಆಗ ತಮಗೆ ನಿರಾಸೆಯಾಯಿತೆಂಬರ್ಥದ ಮಾತನ್ನು ಚೆನ್ ಆಮೇಲೆ ಹೇಳಿದ್ದಾರೆ.

ಆ ನಿರಾಸೆಯಲ್ಲೇ ಅವರು ನಿಂತಿದ್ದರೆ ಇಲ್ಲಿ ಬರೆಯುವಂಥದ್ದೇನೂ ಇರುತ್ತಿರಲಿಲ್ಲ. ಮನುಷ್ಯನ ಸ್ವಭಾವವೇ ಹೀಗೆ ಎಂಬ ತೀರ್ಪಿಗೆ ಬರಲು ಅಷ್ಟು ಸಾಕಿತ್ತು, ಲೋಕದ ಅರ್ಧ ಗಾದೆಗಳು ಆ ತೀರ್ಪಿಗೆ ಸಾಕ್ಷಿ ನುಡಿಯಲು ಸಿದ್ಧವಾಗಿಯೂ ಇವೆ. ಮಕ್ಕಳ ಮನಸ್ಸನ್ನು ಅಧ್ಯಯನ ಮಾಡಿದವರೊಬ್ಬರೊಡನೆ ಚೆನ್ ಈ ಸಂಗತಿಯನ್ನು ಚರ್ಚಿಸಿದಾಗ ಬಂದ ವಿವರಣೆ ಬೇರೆಯೇ ಆಗಿತ್ತು. ಹೊಸ ಲೋಕವೊಂದಕ್ಕೆ ಕಾಲಿಟ್ಟ ಆಟಗಾರ ಕೂಸಿನಂತೆ ಇರುತ್ತಾನೆ. ಕೂಸಿಗೆ ಇದು ಸರಿ, ಇದು ತಪ್ಪು ಎಂಬುದು ತಿಳಿದಿರುವುದಿಲ್ಲ, ಯಾವುದನ್ನು ಮಾಡಿದರೆ ಲೋಕದಿಂದ ಹೆಚ್ಚು ಮರುದನಿ ಬರುತ್ತದೆಯೋ ಅದನ್ನೇ ಅದು ಮತ್ತೆ ಮತ್ತೆ ಮಾಡುತ್ತದೆ. ಮೇಜಿನ ಮೇಲಿನ ಸ್ಟೀಲ್ ಲೋಟವನ್ನು ಕೆಳಗೆ ತಳ್ಳುವ ಮಗುವನ್ನು ನೋಡಿದರೆ ಇದು ಅರ್ಥವಾಗುತ್ತದೆ. ಲೋಟ ಬಿದ್ದ ಸದ್ದು, ನೀರು ಚೆಲ್ಲಿದ ನೋಟ, ಓಡಿ ಬರುವ ಅಮ್ಮ, ಅಜ್ಜಿಯ ಗದರಿಕೆ, ಇಷ್ಟೆಲ್ಲ ಒಂದೇ ತಳ್ಳಿಗೆ ಸಿಕ್ಕುವ ಫಲ. ಲೋಟವನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟರೆ ಏನೂ ಆಗುವುದಿಲ್ಲ. ಚೆನ್ ಅವರ ಮಾದರಿಯಲ್ಲಿಯೂ ಪಕ್ಕದಲ್ಲಿ ಸುಮ್ಮನೆ ನಡೆದವನಿಗೆ ಲೋಕ ಏನನ್ನೂ ಹೇಳುತ್ತಿರಲಿಲ್ಲ. ತಳ್ಳಿದವನಿಗೆ ಬೀಳುವ ನೋಟ, ಗೆದ್ದ ಭಾವ, ಎದುರಿನವನ ಚಡಪಡಿಕೆ ಎಲ್ಲವೂ ದೊರೆಯುತ್ತಿತ್ತು. ಆ ಲೋಕ ಕೇಡಿಗೆ ಮಾತ್ರ ಓಗೊಡುತ್ತಿತ್ತು.

ತಂಡ ಮಾಡಿದ ಬದಲಾವಣೆ ಉಪದೇಶದ ರೂಪದ್ದಲ್ಲ. ತಳ್ಳಬೇಡಿ ಎಂಬ ಸೂಚನಾಫಲಕವನ್ನು ಅವರು ಹಾಕಲಿಲ್ಲ, ತಳ್ಳಿದವನಿಗೆ ದಂಡವನ್ನೂ ವಿಧಿಸಲಿಲ್ಲ. ದಂಡವೂ ಒಂದು ಮರುದನಿಯೇ ಎಂಬುದನ್ನು ಮರೆಯಬಾರದು, ಗದರಿಕೆಯನ್ನು ಕೇಳಲೆಂದೇ ಲೋಟ ತಳ್ಳುವ ಮಕ್ಕಳಿಲ್ಲವೇ? ಅವರು ಮೈಯ ಗಟ್ಟಿತನವನ್ನೇ ತೆಗೆದುಬಿಟ್ಟರು, ಆದ್ದರಿಂದ ಒಬ್ಬನು ಇನ್ನೊಬ್ಬನ ಮೂಲಕ ನೆರಳಿನಂತೆ ಹಾದುಹೋಗಬಹುದಿತ್ತು, ನೂಕಲು ಬರುತ್ತಿರಲಿಲ್ಲ. ಅದರ ಜಾಗದಲ್ಲಿ ಬೇರೊಂದು ನಿಯಮ ಬಂತು: ಯಾತ್ರಿಕರು ಒಬ್ಬರನ್ನೊಬ್ಬರು ತಾಗಿದರೆ ಇಬ್ಬರ ಕೊರಳಿನ ವಸ್ತ್ರವೂ ಬೆಳಗಿ, ಹಾರಲು ಬೇಕಾದ ಶಕ್ತಿ ತುಂಬಿಕೊಳ್ಳುತ್ತದೆ. ಒಬ್ಬನು ಎತ್ತಿಕೊಂಡ ಶಕ್ತಿಯ ಚಿಹ್ನೆ ಇನ್ನೊಬ್ಬನ ಪಾಲಿಗೆ ಇಲ್ಲವಾಗುವುದಿಲ್ಲ, ಹಾಗಾಗಿ ನನಗೆ ಸಿಗಬೇಕಾದದ್ದನ್ನು ಇವನು ಕಸಿದ ಎಂಬ ಭಾವಕ್ಕೆ ಆಸ್ಪದವೂ ಉಳಿಯಲಿಲ್ಲ. ಆಟದ ಕೊನೆಯ ಭಾಗದಲ್ಲಿ ಹಿಮದ ಬೆಟ್ಟವನ್ನು ಹತ್ತುವಾಗ ಆ ವಸ್ತ್ರ ಚಳಿಗೆ ಮರಗಟ್ಟಿ ಚಿಕ್ಕದಾಗುತ್ತಾ ಹೋಗುತ್ತದೆ. ಗಾಳಿ ಎದುರಿನಿಂದ ಬೀಸುತ್ತದೆ, ಹೆಜ್ಜೆ ಭಾರವಾಗುತ್ತದೆ. ಆಗ ಎರಡು ಆಕೃತಿಗಳು ಭುಜಕ್ಕೆ ಭುಜ ತಾಗಿಸಿ ನಿಂತರೆ ವಸ್ತ್ರಕ್ಕೆ ಸ್ವಲ್ಪ ಜೀವ ಮರಳುತ್ತದೆ. ಯಾರೂ ಹೇಳಿಕೊಡದಿದ್ದರೂ, ಹೆಸರು ಗೊತ್ತಿಲ್ಲದ, ಭಾಷೆ ಗೊತ್ತಿಲ್ಲದ ಇಬ್ಬರು ಆ ಹಿಮದಲ್ಲಿ ಒತ್ತಿಕೊಂಡು ನಿಲ್ಲುತ್ತಾರೆ.

ಈ ಸಂಗತಿಯನ್ನು ವೇದಾಂತದ ಒಂದು ಪ್ರಸಿದ್ಧ ಚರ್ಚೆಯ ಪಕ್ಕದಲ್ಲಿಟ್ಟು ನೋಡಬೇಕು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಸೃಷ್ಟಿ ಈಶ್ವರನ ಲೀಲೆ ಎಂಬ ವಿಚಾರ ಬಂದ ಬೆನ್ನಿಗೇ ವೈಷಮ್ಯ ಮತ್ತು ನೈರ್ಘೃಣ್ಯ ಎಂಬ ಎರಡು ದೋಷಗಳ ಆಕ್ಷೇಪ ಬರುತ್ತದೆ: ಒಬ್ಬನನ್ನು ಸುಖದಲ್ಲಿ, ಇನ್ನೊಬ್ಬನನ್ನು ದುಃಖದಲ್ಲಿ ಇಟ್ಟದ್ದರಿಂದ ಸೃಷ್ಟಿಕರ್ತ ಪಕ್ಷಪಾತಿ, ಕೇಡನ್ನೂ ನೋವನ್ನೂ ಲೋಕದಲ್ಲಿ ಇರಗೊಟ್ಟದ್ದರಿಂದ ನಿರ್ದಯಿ. ಇದಕ್ಕೆ ಸೂತ್ರಕಾರರ ಉತ್ತರ, ಈಶ್ವರನು ಜೀವಿಗಳ ಕರ್ಮವನ್ನು ಅಪೇಕ್ಷಿಸಿ, ಅಂದರೆ ಅದನ್ನು ಗಣನೆಗೆ ತೆಗೆದುಕೊಂಡೇ ಸೃಷ್ಟಿಸುತ್ತಾನೆ ಎಂಬುದು. ಶಂಕರರು ಭಾಷ್ಯದಲ್ಲಿ ಮಳೆಯ ಹೋಲಿಕೆ ಕೊಡುತ್ತಾರೆ: ಮಳೆ ಎಲ್ಲ ಬೆಳೆಗೂ ಸಮಾನವಾದ ಕಾರಣ, ಒಂದೆಡೆ ಭತ್ತ ಇನ್ನೊಂದೆಡೆ ಜವೆ ಬೆಳೆಯುವುದು ಬೀಜದ ಭೇದದಿಂದ. ಹಾಗಾದರೆ ಮೊಟ್ಟಮೊದಲ ಸೃಷ್ಟಿಯಲ್ಲಿ, ಇನ್ನೂ ಯಾರೂ ಏನೂ ಮಾಡಿರದಿದ್ದಾಗ, ಕರ್ಮಭೇದ ಎಲ್ಲಿಂದ ಬಂತು ಎಂಬ ಮರುಪ್ರಶ್ನೆಗೆ ಮುಂದಿನ ಸೂತ್ರ, ಸಂಸಾರ ಅನಾದಿ, ಅದಕ್ಕೆ ಮೊದಲೆಂಬುದೇ ಇಲ್ಲ ಎಂದು ಉತ್ತರಿಸುತ್ತದೆ. ಇಡೀ ಸಮರ್ಥನೆ ನಿಂತಿರುವುದು ಈ ಅನಾದಿತ್ವದ ಮೇಲೆ.

ಆಟ ಕಟ್ಟುವವರು, ತಮಗೆ ತಿಳಿಯದಂತೆಯೇ, ಬಹಳ ಕಾಲದಿಂದ ಈ ಉತ್ತರದ ಮೊದಲ ಅರ್ಧವನ್ನು ಮಾತ್ರ ಎರವಲು ಪಡೆಯುತ್ತ ಬಂದಿದ್ದಾರೆ. ತಮ್ಮ ಆಟದಲ್ಲಿ ಜನ ಒಬ್ಬರನ್ನೊಬ್ಬರು ಬೈಯುವುದು, ವಂಚಿಸುವುದು, ಹೊಸಬರನ್ನು ಕಾಡುವುದು ಕಂಡುಬಂದಾಗ ಅವರು ಕೊಡುವ ವಿವರಣೆ, ಆಟಗಾರರೇ ಅಂಥವರು, ನಾವು ಮಳೆ ಸುರಿಸಿದವರು ಅಷ್ಟೇ, ಬೀಜವೇ ಹಾಗಿದ್ದರೆ ನಾವೇನು ಮಾಡೋಣ ಎಂಬುದು. ಆದರೆ ಈಶ್ವರನಿಗೆ ಸಲ್ಲುವ ಸಮರ್ಥನೆ ಇವರಿಗೆ ಸಲ್ಲುವುದಿಲ್ಲ, ಏಕೆಂದರೆ ಇವರ ಲೋಕ ಅನಾದಿಯಲ್ಲ. ಅದಕ್ಕೆ ಹುಟ್ಟಿದ ದಿನವಿದೆ; ಬೂದು ಪೆಟ್ಟಿಗೆಗಳ ಮೊದಲ ಮಾದರಿಯೇ ಆ ದಿನ. ಅಲ್ಲಿ ಯಾವ ಕೆಲಸಕ್ಕೆ ಯಾವ ಫಲ ಎಂಬುದನ್ನು ಇಂಥವರು, ಇಂಥ ವಾರದಲ್ಲಿ, ಇಂಥ ಕಾರಣಕ್ಕೆ ಗೊತ್ತುಮಾಡಿದರು ಎಂದು ತೋರಿಸಬಹುದು. ಜರ್ನಿಯ ಮಾದರಿಗಳಲ್ಲಿ ಬೀಜ ಅದೇ ಇದ್ದು ನೆಲ ಬದಲಾದಾಗ ಬೆಳೆ ಬದಲಾಯಿತು. ಅನಾದಿತ್ವದ ಆಸರೆಯಿಲ್ಲದ ಸೃಷ್ಟಿಕರ್ತನಿಗೆ ವೈಷಮ್ಯ ನೈರ್ಘೃಣ್ಯಗಳ ಆಕ್ಷೇಪ ನೇರವಾಗಿ ತಾಗುತ್ತದೆ, ಅವನು ಅದನ್ನು ಹೊರಲೇಬೇಕು.

ಇದಕ್ಕೆ ಒಂದು ಗಟ್ಟಿಯಾದ ಪೂರ್ವಪಕ್ಷವಿದೆ. ಆಟಗಾರ ಬರಿಯ ಕೂಸಲ್ಲ. ಹತ್ತಾರು ವರ್ಷ ಬೇರೆ ಆಟಗಳಲ್ಲಿ ಗುಂಡು ಹಾರಿಸಿ, ಓಡಿ, ಗೆದ್ದು ಬಂದ ಅಭ್ಯಾಸದ ಹೊರೆ ಅವನ ಬೆರಳಿನಲ್ಲಿರುತ್ತದೆ. ಭಾರತೀಯ ಪರಿಭಾಷೆಯಲ್ಲಿ ಹೇಳುವುದಾದರೆ ವಾಸನೆಗಳನ್ನು ಹೊತ್ತೇ ಅವನು ಹೊಸ ಲೋಕದಲ್ಲಿ ಹುಟ್ಟುತ್ತಾನೆ, ಆದ್ದರಿಂದ ಕೇಡಿನ ಬೇರು ಅವನ ಪೂರ್ವದಲ್ಲಿದೆಯೇ ಹೊರತು ಹೊಸ ಲೋಕದಲ್ಲಿಲ್ಲ. ಇದರಲ್ಲಿ ಸತ್ಯವಿದೆ. ಆದರೆ ವಾಸನೆ ಎಂಬುದು ತನ್ನಷ್ಟಕ್ಕೆ ಕೆಲಸ ಮಾಡುವ ವಸ್ತುವಲ್ಲ, ಅದಕ್ಕೆ ಉದ್ಬೋಧಕ ಬೇಕು, ಅಂದರೆ ಮಲಗಿದ ಸಂಸ್ಕಾರವನ್ನು ಎಬ್ಬಿಸುವ ನಿಮಿತ್ತ ಬೇಕು. ತಳ್ಳಬಹುದಾದ ಮೈ, ಬೀಳಬಹುದಾದ ಅಂಚು ಎರಡೂ ಎದುರಿಗಿದ್ದಾಗ ತಳ್ಳುವ ವಾಸನೆ ಎದ್ದಿತು. ತಾಗಿದರೆ ಬೆಳಗುವ ವಸ್ತ್ರ ಎದುರಿಗಿದ್ದಾಗ ಅದೇ ಮನುಷ್ಯನೊಳಗಿನ ಇನ್ನೊಂದು ವಾಸನೆ ಎದ್ದಿತು. ಎರಡೂ ಅವನೊಳಗೇ ಇದ್ದವು. ಇಲ್ಲಿ ಇನ್ನೊಂದು ಎಚ್ಚರವೂ ಬೇಕು: ಉಡುಪಿಯ ಮಧ್ವಾಚಾರ್ಯರು ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಸ್ವರೂಪಭೇದವನ್ನೇ ಹೇಳುತ್ತಾರೆ, ಆ ಯೋಗ್ಯತೆ ಅನಾದಿಯೆಂದೂ ಬದಲಾಗದೆಂದೂ ಅವರ ಮತ. ಆಟದ ಮಾದರಿಯಲ್ಲಿ ಕಾಣುವುದು ನಡತೆಯೇ ಹೊರತು ಜೀವಸ್ವರೂಪವಲ್ಲವಾದ್ದರಿಂದ, ಯಾವ ಪ್ಲೇಟೆಸ್ಟೂ ಆ ಸಿದ್ಧಾಂತವನ್ನು ಮುಟ್ಟಲಾರದು. ಆದರೆ ಒಬ್ಬನ ನಡತೆಯನ್ನು ಒಂದು ಏರ್ಪಾಟಿನಲ್ಲಿ ಕಂಡು ಅವನ ಸ್ವರೂಪವನ್ನೇ ಕಂಡೆವೆಂದು ಆತುರಪಡುವವರಿಗೆ ಅದು ಸರಿಯಾದ ಪಾಠ ಕಲಿಸುತ್ತದೆ.

ಹೆಚ್ಚು ಕಷ್ಟದ ಪ್ರಶ್ನೆ ಇನ್ನೊಂದು. ಕೇಡು ಮಾಡಲು ಸಾಧ್ಯವೇ ಇಲ್ಲದ ಲೋಕದಲ್ಲಿ ಕಾಣುವ ಒಳ್ಳೆಯತನ ಒಳ್ಳೆಯತನವೇ? ಬೇಲಿಯೊಳಗಿನ ಹಸು ಪಕ್ಕದ ಗದ್ದೆಯನ್ನು ಮೇಯಲಿಲ್ಲವೆಂದು ಯಾರೂ ಅದನ್ನು ಹೊಗಳುವುದಿಲ್ಲ. ದೇವರು ಮನುಷ್ಯರಿಗೆ ಸ್ವಾತಂತ್ರ್ಯ ಕೊಟ್ಟದ್ದರಿಂದ ಕೇಡು ಬಂತು ಎಂಬ ಕ್ರೈಸ್ತ ಸಮರ್ಥನೆಯನ್ನು 1955ರ ಒಂದು ಲೇಖನದಲ್ಲಿ ಪ್ರಶ್ನಿಸಿದ ಆಸ್ಟ್ರೇಲಿಯಾದ ತತ್ತ್ವಜ್ಞಾನಿ ಜೆ. ಎಲ್. ಮ್ಯಾಕಿ, ಸ್ವತಂತ್ರರಾಗಿದ್ದೂ ಯಾವಾಗಲೂ ಒಳ್ಳೆಯದನ್ನೇ ಆರಿಸಿಕೊಳ್ಳುವಂಥ ಜನರನ್ನು ಸರ್ವಶಕ್ತನು ಏಕೆ ಸೃಷ್ಟಿಸಬಾರದಿತ್ತು ಎಂದು ಕೇಳಿದರು. ಆಟ ಕಟ್ಟುವವರಿಗೆ ಜನರನ್ನು ಸೃಷ್ಟಿಸುವ ಶಕ್ತಿಯಿಲ್ಲ, ಆಯ್ಕೆಗಳನ್ನು ಸೃಷ್ಟಿಸುವ ಶಕ್ತಿಯಿದೆ. ಆ ಶಕ್ತಿಯನ್ನು ಅವರು ಎರಡು ಬಗೆಯಲ್ಲಿ ಬಳಸಿದ್ದಾರೆ.

ಒಂದು ಬಗೆ ರಿಚರ್ಡ್ ಗ್ಯಾರಿಯಟ್ ಅವರದು. 1985ರಲ್ಲಿ ಬಂದ ಅವರ ಅಲ್ಟಿಮಾ 4 ಎಂಬ ಆಟದ ಗುರಿ ರಾಕ್ಷಸನನ್ನು ಕೊಲ್ಲುವುದಲ್ಲ, 8 ಸದ್ಗುಣಗಳನ್ನು ಸಾಧಿಸಿ ಅವತಾರ ಎಂಬ ಪದವಿಯನ್ನು ಪಡೆಯುವುದು. ಅವತಾರ ಎಂಬ ಪದವನ್ನು ಗ್ಯಾರಿಯಟ್ ಹಿಂದೂ ಪರಂಪರೆಯಿಂದಲೇ ಪಡೆದರು. ಅದರಲ್ಲಿ ಮಂತ್ರಕ್ಕೆ ಬೇಕಾದ ಮೂಲಿಕೆಗಳನ್ನು ಮಾರುವ ಅಂಗಡಿಯವರು ಕುರುಡರು. ಎಷ್ಟು ಹಣ ಕೊಡುತ್ತೀರಿ ಎಂದು ಅವರು ಕೇಳುತ್ತಾರೆ, ಆಟಗಾರ ತನ್ನ ಕೈಯಾರೆ ಮೊತ್ತವನ್ನು ನಮೂದಿಸಬೇಕು. ಕಡಿಮೆ ಕೊಟ್ಟರೂ ಅಂಗಡಿಯವರು ತಡೆಯುವುದಿಲ್ಲ, ಎಚ್ಚರಿಕೆಯ ಗಂಟೆ ಮೊಳಗುವುದಿಲ್ಲ, ಸರಕು ಕೈಗೆ ಬರುತ್ತದೆ; ಆದರೆ ಆಟ ಅದನ್ನು ಸದ್ದಿಲ್ಲದೆ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕೇಡಿನ ಬಾಗಿಲನ್ನು ತೆರೆದಿಟ್ಟು, ಒಳಗೆ ಹೋದವನನ್ನು ನೆನಪಿಟ್ಟುಕೊಳ್ಳುವ ಈ ರೀತಿ ಕರ್ಮಸಿದ್ಧಾಂತಕ್ಕೆ ಬಹಳ ಹತ್ತಿರದ್ದು. ಅಲ್ಲಿ ವಂಚನೆಗೊಳಗಾದವನು ಕಂಪ್ಯೂಟರಿನ ಗೊಂಬೆ. 1997ರಲ್ಲಿ ಅದೇ ಪರಂಪರೆಯ ಅಲ್ಟಿಮಾ ಆನ್‌ಲೈನ್ ಸಾವಿರಾರು ನಿಜವಾದ ಮನುಷ್ಯರನ್ನು ಒಂದೇ ಲೋಕದಲ್ಲಿ ಕೂಡಿಸಿದಾಗ ಅದೇ ತೆರೆದ ಬಾಗಿಲಿನಿಂದ ಬಂದದ್ದು ಬೇರೆ ಫಲ: ಬಲ್ಲವರು ಹೊಸಬರನ್ನು ಊರ ಹೊರಗೆ ಕಾದು ಕೊಂದು ದೋಚತೊಡಗಿದರು. 2000ದಲ್ಲಿ ತಯಾರಕರು ಆ ಲೋಕವನ್ನೇ ಎರಡು ಮಾಡಿ, ಒಪ್ಪಿಗೆಯಿಲ್ಲದೆ ಇನ್ನೊಬ್ಬನನ್ನು ಕೊಲ್ಲಲಾಗದ ಟ್ರಾಮೆಲ್ ಎಂಬ ಪ್ರತಿಲೋಕವನ್ನು ತೆರೆದರು, ಬಹುಪಾಲು ಜನ ಅಲ್ಲಿಗೆ ವಲಸೆ ಹೋದರು. ಹಳೆಯ ಲೋಕದಲ್ಲಿ ದರೋಡೆಕಾರರಿಂದ ಹೊಸಬರನ್ನು ಕಾಯಲು ಕಟ್ಟಿಕೊಂಡಿದ್ದ ಗುಂಪುಗಳಿಗೆ ಹೊಸ ಲೋಕದಲ್ಲಿ ಕೆಲಸವಿರಲಿಲ್ಲ. ಆ ಜನರ ದುಃಖ ಹುಸಿಯಲ್ಲ, ಅಭಯ ಕೊಡುವ ಗುಣ ಭಯವಿಲ್ಲದಲ್ಲಿ ಅರ್ಥ ಕಳೆದುಕೊಳ್ಳುತ್ತದೆ ಎಂಬುದು ನಿಜ.

ಎರಡನೆಯ ಬಗೆ ಜರ್ನಿಯದು, ಅದನ್ನು ಬೇಲಿಯೊಳಗಿನ ಹಸುವಿಗೆ ಹೋಲಿಸುವುದು ತಪ್ಪಾಗುತ್ತದೆ. ಅಲ್ಲಿ ತಳ್ಳುವುದನ್ನು ತೆಗೆದರೇ ಹೊರತು ತೊರೆಯುವುದನ್ನು ತೆಗೆಯಲಿಲ್ಲ. ಯಾವ ಕ್ಷಣದಲ್ಲಾದರೂ ಒಬ್ಬನು ಜೊತೆಗಾರನನ್ನು ಬಿಟ್ಟು ಮುಂದೆ ಹೋಗಬಹುದು, ಅವನ ಕರೆಗೆ ಓಗೊಡದಿರಬಹುದು, ಹಿಮದಲ್ಲಿ ಹಿಂದೆ ಬಿದ್ದವನಿಗಾಗಿ ಕಾಯದಿರಬಹುದು. ಒಬ್ಬನೇ ಹೋದರೂ ಬೆಟ್ಟದ ನೆತ್ತಿ ಸಿಗುತ್ತದೆ. ಉದಾಸೀನದ ಸ್ವಾತಂತ್ರ್ಯ ಪೂರ್ತಿ ಉಳಿದಿದೆ, ಆದ್ದರಿಂದ ಕಾಯುವವನ ಕಾಯುವಿಕೆ ಅವನದೇ. ಕೇಡಿನ ಆಕರ್ಷಣೆಯನ್ನು ತೆಗೆಯುವುದು ಬೇರೆ, ಒಳಿತಿನ ಆಯ್ಕೆಯನ್ನು ಕಸಿಯುವುದು ಬೇರೆ. ಮೊದಲನೆಯದನ್ನು ಮಾಡುತ್ತಾ ಎರಡನೆಯದರಿಂದ ದೂರ ಉಳಿಯುವುದು ಸಾಧ್ಯ ಎಂಬುದನ್ನು ಈ ಆಟ ತೋರಿಸಿಕೊಟ್ಟಿತು, ತತ್ತ್ವಶಾಸ್ತ್ರಕ್ಕೆ ಇದು ಸಣ್ಣ ಕಾಣಿಕೆಯಲ್ಲ.

ಭಾರತದಲ್ಲಿ ಧರ್ಮವನ್ನು ಆಟದ ಮೂಲಕ ಕಲಿಸುವ ಪ್ರಯತ್ನ ಹೊಸದಲ್ಲ. ಪರಮಪದ ಸೋಪಾನ ಪಟದಲ್ಲಿ ಏಣಿಯ ಬುಡದಲ್ಲಿ ಸದ್ಗುಣದ ಹೆಸರು, ಹಾವಿನ ತಲೆಯಲ್ಲಿ ದುರ್ಗುಣದ ಹೆಸರು ಇರುತ್ತದೆ, ತುದಿಯಲ್ಲಿ ವೈಕುಂಠವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳನ್ನು ರಚಿಸುವುದರಲ್ಲಿ ಅಪಾರ ಆಸಕ್ತಿ ಇದ್ದವರು, ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿ ಆಟಗಳಿಗೇ ಮೀಸಲಾಗಿದೆ. ಆದರೂ ಅನುಭವದ ದೃಷ್ಟಿಯಿಂದ ಸೋಪಾನ ಪಟಕ್ಕೆ ಒಂದು ಮಿತಿಯಿದೆ: ಆಡುವವನು ದಾನದ ಮನೆಗೆ ಬಂದದ್ದು ದಾನ ಮಾಡಿದ್ದರಿಂದಲ್ಲ, ದಾಳ ಹಾಗೆ ಬಿದ್ದದ್ದರಿಂದ. ಗುಣದ ಹೆಸರನ್ನು ಅವನು ಓದುತ್ತಾನೆ, ಗುಣವನ್ನು ಆಚರಿಸುವುದಿಲ್ಲ. ಮನುಷ್ಯನ ಪ್ರಯತ್ನಕ್ಕಿಂತ ದೈವ ದೊಡ್ಡದೆಂಬ ಭಾವವನ್ನು ಅದು ಚೆನ್ನಾಗಿ ಮೂಡಿಸುತ್ತದೆ, ನಡತೆಯ ಪಾಠವನ್ನು ಮಾತ್ರ ಅಕ್ಷರಗಳಿಗೆ ಬಿಟ್ಟುಕೊಡುತ್ತದೆ.

ನಡತೆಯನ್ನು ಬೆರಳಿಗೇ ಕಲಿಸಬಲ್ಲ ವಿದ್ಯೆ ಒಳಿತಿಗೆ ಮಾತ್ರ ಬಳಕೆಯಾಗುತ್ತಿಲ್ಲ ಎಂಬುದನ್ನು ಮುಚ್ಚಿಡಬಾರದು. ಯಾವ ಮರುದನಿಗೆ ಮನುಷ್ಯ ಮತ್ತೆ ಮತ್ತೆ ಕೈ ಚಾಚುತ್ತಾನೆಂದು ಬಲ್ಲವರು ಅದನ್ನು ಅವನ ಜೇಬಿನ ಕಡೆಗೂ ತಿರುಗಿಸಬಲ್ಲರು. ಒಳಗೇನಿದೆಯೆಂದು ತಿಳಿಯದೆ ಹಣ ಕೊಟ್ಟು ತೆರೆಯುವ ಪೆಟ್ಟಿಗೆಗಳಲ್ಲಿ ಕೆಲವನ್ನು 2018ರಲ್ಲಿ ಬೆಲ್ಜಿಯಂ ದೇಶ ಜೂಜೆಂದೇ ಪರಿಗಣಿಸಿತು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಫೋರ್ಟ್‌ನೈಟ್ ಆಟದಲ್ಲಿ ಗುಂಡಿಗಳನ್ನು ಗೊಂದಲವಾಗುವಂತೆ ಜೋಡಿಸಿ, ಒಂದೇ ಒತ್ತಿಗೆ ಬೇಡದ ಖರೀದಿ ಆಗುವಂತೆ ಮಾಡಲಾಗಿದೆ ಎಂಬ ಆರೋಪದ ಮೇಲೆ ಎಪಿಕ್ ಗೇಮ್ಸ್ 24.5 ಕೋಟಿ ಡಾಲರ್ ಹಣವನ್ನು ಗ್ರಾಹಕರಿಗೆ ಮರಳಿಸುವ ಒಪ್ಪಂದವನ್ನು ಪ್ರಕಟಿಸಿತು. ನಾರ್ಮನ್ ಅವರ ಬಾಗಿಲಿನ ಹಿಡಿ ಇಲ್ಲಿ ತಲೆಕೆಳಗಾಗಿದೆ: ತಪ್ಪಾಗದಂತೆ ಜೋಡಿಸಬಲ್ಲವನೇ ತಪ್ಪಾಗಲೆಂದು ಜೋಡಿಸುವ ಕೆಲಸ ಇದು. ಗುಂಡಿಯ ಜಾಗ ಗೊತ್ತಾಗುವ ಗಳಿಗೆಯಲ್ಲೇ ಧರ್ಮಾಧರ್ಮದ ನಿರ್ಣಯವೂ ಆಗಿಹೋಗಿರುತ್ತದೆ, ಆಮೇಲೆ ಉಳಿಯುವುದು ಅದರ ಫಲ.

ಆದ್ದರಿಂದ ಆಟ ಕಟ್ಟುವ ಕಸುಬಿನಲ್ಲಿ ಅನುಭವ ವಿನ್ಯಾಸವನ್ನು ಕೊನೆಯಲ್ಲಿ ಬಳಿಯುವ ಸುಣ್ಣಬಣ್ಣದಂತೆ ಕಾಣುವುದು ಸರಿಯಲ್ಲ, ಅದು ಅಡಿಪಾಯದ ಕೆಲಸ. ಗೋಡೆಗಳೆಲ್ಲ ಎದ್ದ ಮೇಲೆ, ಚಿತ್ರಗಳಿಗೆ ಹಣ ಸುರಿದ ಮೇಲೆ, ಈ ಲೋಕ ಕೇಡಿಗೆ ಮಾತ್ರ ಓಗೊಡುತ್ತದೆ ಎಂದು ಗೊತ್ತಾದರೆ ಅದನ್ನು ಒಡೆಯುವ ಧೈರ್ಯ ಯಾರಿಗೂ ಇರುವುದಿಲ್ಲ, ಆಗ ಆಟಗಾರರ ಸ್ವಭಾವವನ್ನು ದೂರುವುದೊಂದೇ ಸುಲಭದ ದಾರಿಯಾಗಿ ಉಳಿಯುತ್ತದೆ. ಬೂದು ಪೆಟ್ಟಿಗೆಗಳ ನಡುವೆ ಇಬ್ಬರು ಅಪರಿಚಿತರನ್ನು ಬಿಟ್ಟು, ಹಿಂದೆ ಮೌನವಾಗಿ ಕುಳಿತು ನೋಡುವ ಆ ಮೊದಲ ದಿನಗಳಲ್ಲಿ ನಿಯಮ ಇನ್ನೂ ಹಸಿಮಣ್ಣು. ಚೆನ್ ಅವರ ತಂಡಕ್ಕೆ ನೂಕುವ ಮೈಯನ್ನು ತೆಗೆಯಲು ಸಾಧ್ಯವಾದದ್ದು ಆಗಲೇ. ಜರ್ನಿ ಮುಗಿದ ಮೇಲೆ, ಕಟ್ಟಿದವರ ಹೆಸರುಗಳೆಲ್ಲ ಹಾದುಹೋದ ನಂತರ, ದಾರಿಯಲ್ಲಿ ಜೊತೆಯಾದವರ ಹೆಸರುಗಳು ಮೊದಲ ಬಾರಿಗೆ ಪರದೆಯ ಮೇಲೆ ಮೂಡುತ್ತವೆ. ಅಲ್ಲಿಯವರೆಗೆ, ಹಿಮದಲ್ಲಿ ತನ್ನ ಪಕ್ಕ ಒತ್ತಿಕೊಂಡು ನಿಂತವರು ಯಾರೆಂಬುದು ಆಡಿದವನಿಗೆ ತಿಳಿದಿರುವುದಿಲ್ಲ.